ಮಜೋಲನ ಹೆಂಡತಿ

ಮಜೋಲನ ಹೆಂಡತಿ ತೀರಿಕೊಂಡಳು ಎಂಬ ಸುದ್ದಿ ಸೋಮವಾರ ಜೊಹಾನ್ಸ್‌ಬರ್ಗಿನ ಉತ್ತರಕ್ಕಿರುವ ನಮ್ಮ ಮಮೆಲೋಡಿಯ ಬೀದಿಗಳಲ್ಲಿ ಹಬ್ಬಿದಾಗ ಯಾರೂ ಮೆಟ್ಟು ಹಾಕಿಕೊಂಡು ಹೊರಡಲಿಲ್ಲ. "ಅದು ಗುರುವಾರಾನೇ ಗೊತ್ತಾಯ್ತಲ್ಲ" ಎಂದು ತಂತಮ್ಮ ಕೆಲಸ ನೋಡಿಕೊಂಡರು.

ಅವರ ತಪ್ಪೇನೂ ಅಲ್ಲ ಬಿಡಿ. ಗುರುವಾರ ಸಂಜೆಯ ಧಾರಾವಾಹಿಯಲ್ಲಿ ಟ್ಯಾಕ್ಸಿಗಳ ಯಜಮಾನ ಮಜೋಲನ ಹೆಂಡತಿ ಲಿಂಡಿವೆ ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಮುಚ್ಚಿದ್ದಳು. ವರ್ಷಗಟ್ಟಲೆ ಊರಿನವರ ಹೊಟ್ಟೆ ಉರಿಸಿದ್ದ ಆ ಕಟುಕ ಮಜೋಲ ಅವಳ ಪಾದ ಹಿಡಿದುಕೊಂಡು ಹೋ ಎಂದು ಅತ್ತಿದ್ದ. ಅವನ ಮುಖ ಕಂಡರೆ ಶಾಪ ಹಾಕುತ್ತಿದ್ದ ಹೆಂಗಸರು ಕೂಡ ಅಂದು ಮೂಗು ಒರೆಸಿಕೊಂಡರು. ಆ ಮಜೋಲನ ವೇಷ ಹಾಕುವವನು ನಮ್ಮ ಫಿನಿಯಸ್ ಮಸೆಮೊಲ. ಅವನನ್ನು ಹುಟ್ಟಿದ ಹೆಸರಿನಿಂದ ಕರೆಯುವವರು ಊರಿನಲ್ಲಿ ಬೆರಳೆಣಿಕೆಯಷ್ಟು ಮಂದಿ. ಉಳಿದವರಿಗೆ ಅವನು ಮಜೋಲ, ಅವನ ಮನೆ ಮಜೋಲನ ಮನೆ, ಅವನ ನಾಯಿ ಮಜೋಲನ ನಾಯಿ. ಹಾಗಿರುವಾಗ ಅವನ ನಿಜವಾದ ಹೆಂಡತಿ ರೆಬೋನೆ ಭಾನುವಾರ ಬೆಳಿಗ್ಗೆ ತಲೆಯೊಳಗೆ ರಕ್ತ ಹರಿದು ಸತ್ತರೆ ಊರು ಅದನ್ನು ಬೇರೆ ಯಾವ ಹೆಸರಿನಿಂದ ಹೇಳಬೇಕು?

ಕೆಳಗಿನ ಬೀದಿಯ ಅಜ್ಜಿಯೊಬ್ಬಳಂತೂ ಶುಕ್ರವಾರವೇ ಬಕೆಟ್ ತುಂಬ ಸ್ಕೋನ್ ಎಂಬ ಸಿಹಿ ಬನ್ನು ಸುಟ್ಟುಕೊಂಡು ಬಂದಿದ್ದಳು. ಬಾಗಿಲು ತೆಗೆದ ರೆಬೋನೆಯ ಎದುರಿಗೇ ನಿಂತು, "ಲಿಂಡಿವೆಯಂಥವಳು ಇನ್ನು ಹುಟ್ಟಲ್ಲಮ್ಮ, ಅವನನ್ನ ಚೆನ್ನಾಗಿ ನೋಡ್ಕೋ" ಎಂದು ಕಣ್ಣೊರೆಸಿಕೊಂಡಳು. ರೆಬೋನೆ ಗಂಭೀರವಾಗಿ ಬಕೆಟ್ ಇಸಕೊಂಡು, ಅಜ್ಜಿಯನ್ನು ಗೇಟಿನ ತನಕ ಬಿಟ್ಟುಬಂದು, ಒಳಗೆ ಬಂದ ಮೇಲೆ ನಕ್ಕೂ ನಕ್ಕೂ ಕುರ್ಚಿಯ ಮೇಲೆ ಕುಸಿದಳು.

"ಸತ್ತಿದ್ದು ಅವಳು, ಸ್ಕೋನ್ ನನಗೆ. ಇಂಥ ಸಾವು ತಿಂಗಳಿಗೊಂದು ಬರಲಿ ಕಣ್ರೀ" ಎಂದಳು.

ಎರಡು ದಿನದ ಮೇಲೆ ಅವಳೇ ಇರಲಿಲ್ಲ. ಬಕೆಟ್ಟಿನಲ್ಲಿ ಇನ್ನೂ ಸ್ಕೋನ್ ಉಳಿದಿದ್ದವು.

ಸೋಮವಾರ ಸಂಜೆಯ ಪ್ರಾರ್ಥನೆಗೆ ಅಂಗಳದಲ್ಲಿ ಬಾಡಿಗೆ ಕುರ್ಚಿಗಳನ್ನು ಹಾಕಿಸಿದ್ದರು. ಬಂದವರು ಪಕ್ಕದ ಮನೆಯ ಗಂಡಹೆಂಡಿರು, ಚರ್ಚಿನ ಒಬ್ಬ ಹೆಂಗಸು, ಅಷ್ಟೇ. ಖಾಲಿ ಕುರ್ಚಿಗಳ ನಡುವೆ ಪಾದ್ರಿ ಪ್ರಾರ್ಥನೆ ಮುಗಿಸಿದ. ಫಿನಿಯಸ್ ಮೊದಲ ಸಾಲಿನಲ್ಲಿ ಕುಳಿತು ಪಕ್ಕದ ಖಾಲಿ ಕುರ್ಚಿಯ ಬೆನ್ನ ಮೇಲೆ ಬಣ್ಣದಲ್ಲಿ ಬರೆದಿದ್ದ ಅಂಗಡಿಯ ಹೆಸರನ್ನು ಓದುತ್ತಿದ್ದ. ಜನ ಬರಲಿಲ್ಲವೆಂದು ಅವನಿಗೆ ಬೇಸರವಾಗಲಿಲ್ಲ. ಬಂದಿದ್ದರೆ ಸಂತೋಷವೂ ಆಗುತ್ತಿರಲಿಲ್ಲ. ಭಾನುವಾರದಿಂದ ಅವನೊಳಗೆ ಏನೂ ಆಗುತ್ತಿರಲಿಲ್ಲ.

ಅಂದು ರಾತ್ರಿ ಸೆಲಿನಾ ಬಂದಳು. ಸೆಲಿನಾ ರೆಬೋನೆಯ ಒಡಹುಟ್ಟಿದ ಅಕ್ಕ. ಉತ್ತರದ ಸೆಶೆಗೊದಲ್ಲಿ ಶಾಲೆಯ ಟೀಚರಾಗಿ ನಿವೃತ್ತಳಾದವಳು, ತಾಯಿ ಸತ್ತ ಮೇಲೆ ತಂಗಿಯನ್ನು ಮಡಿಲಲ್ಲಿ ಹಾಕಿಕೊಂಡು ಬೆಳೆಸಿದವಳು. ಬಂದವಳೇ ಕನ್ನಡಿಗಳಿಗೆ ಬಟ್ಟೆ ಮುಚ್ಚಿಸಿದಳು. ಮಲಗುವ ಕೋಣೆಯ ಮಂಚ ತೆಗೆಸಿ, ನೆಲದ ಮೇಲೆ ಹಾಸಿಗೆ ಹಾಸಿಸಿ, ಮೇಣದಬತ್ತಿ ಹಚ್ಚಿದಳು. ಕೊನೆಗೆ ಒಂದು ಕಂಬಳಿ ತಂದು ಟಿವಿಯ ಮೇಲೆ ಹೊದಿಸಿದಳು. ಸಾವಿನ ಮನೆಯಲ್ಲಿ ಎಲ್ಲರೂ ಮಾಡುವುದೇ ಅದು. ಆದರೆ ಸೆಲಿನಾ ಅದನ್ನು ಎರಡೂ ಕಡೆಯಿಂದ ಬಿಗಿಯಾಗಿ ಸಿಕ್ಕಿಸಿದಳು.

"ಮಣ್ಣು ಮುಗಿಯೋ ತನಕ ಆ ಮಜೋಲ ಈ ಮನೆಗೆ ಕಾಲಿಡಬಾರದು" ಎಂದಳು.

ಮಂಗಳವಾರ ಬೆಳಿಗ್ಗೆ ಅವಳು ಕಪ್ಪು ಶಾಲು ಹೊದ್ದು ಬೀದಿಗಿಳಿದಳು. ಮನೆಮನೆಯ ಗೇಟಿನ ಮುಂದೆ ನಿಂತು, "ಸತ್ತಿರೋದು ನನ್ನ ತಂಗಿ ರೀ! ರೆಬೋನೆ! ನಿಮ್ಮ ಟಿವಿಯವಳಲ್ಲ!" ಎಂದು ಮೇಷ್ಟ್ರ ಗಂಟಲಿನಲ್ಲಿ ಕೂಗಿದಳು. ಊರು ನಾಚಿಕೊಂಡಿತು. ಅಂದು ಸಂಜೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾಡುಗಳು ಎದ್ದವು, ಹೆಂಗಸರು ಅತ್ತರು, ಗಂಡಸರು ಟೋಪಿ ತೆಗೆದು ಎದೆಗೊತ್ತಿಕೊಂಡರು. ಎಲ್ಲರ ಕಣ್ಣೂ ಮಾತ್ರ ಫಿನಿಯಸ್‌ನ ಮೇಲೆ. ಗುರುವಾರ ಅಷ್ಟು ಅತ್ತವನು ಮಂಗಳವಾರ ಎಷ್ಟು ಅಳಬಹುದು ಎಂದು ಲೆಕ್ಕ ಹಾಕುತ್ತಿದ್ದರು. ಅವನು ಒಣಗಿದ ಮುಖ ಹೊತ್ತು, ಬಂದವರಿಗೆಲ್ಲ ಶುಂಠಿ ಪಾನಕ ಸಿಕ್ಕಿತೇ ಎಂದು ವಿಚಾರಿಸುತ್ತ ಓಡಾಡಿದ.

ಫಿನಿಯಸ್ ಮೂಲದಲ್ಲಿ ಸ್ಯಾಕ್ಸೊಫೋನಿನವನು. ಚರ್ಚಿನ ಬ್ಯಾಂಡಿನಲ್ಲಿ ಊದಲು ಕಲಿತು, ಮೀಸೆ ಮೂಡುವ ಹೊತ್ತಿಗೆ ದೇವರನ್ನು ಬಿಟ್ಟು ಶೆಬೀನುಗಳಲ್ಲಿ, ಅಂದರೆ ಹೆಂಗಸರು ಮನೆಯ ಹಿಂದೆ ಕದ್ದು ನಡೆಸುತ್ತಿದ್ದ ಹೆಂಡದಂಗಡಿಗಳಲ್ಲಿ, ಜಾಜ್ ಊದತೊಡಗಿದ. ಬಿಳಿಯರ ಪೊಲೀಸರು ಬಂದರೆ ಮೊದಲು ಸ್ಯಾಕ್ಸೊಫೋನ್ ಕಿಟಕಿ ಹಾರುತ್ತಿತ್ತು, ಆಮೇಲೆ ಅವನು. ಆ ಕಾಲದಲ್ಲಿ ಒಂದೇ ಒಂದು ರೆಕಾರ್ಡು ಹೊರಬಂತು. ಅದರ ಎರಡನೇ ಬದಿಯಲ್ಲಿ ಅವನೊಬ್ಬನೇ ಊದಿದ ಉದ್ದನೆಯ ಭಾಗವೊಂದಿದೆ. ಆಮೇಲೆ ಸಿನಿಮಾದವರಿಗೆ ಸ್ಯಾಕ್ಸೊಫೋನನ್ನು ನೆಟ್ಟಗೆ ಹಿಡಿಯಬಲ್ಲವನೊಬ್ಬ ಬೇಕಾದ. ಹೋಗಿ ಹಿಡಿದು ನಿಂತ. ಮುಂದಿನ ಸಿನಿಮಾದಲ್ಲಿ ಗುಂಡೇಟು ತಿಂದು ಬಿದ್ದ. ಬಿದ್ದದ್ದು ಚೆನ್ನಾಗಿತ್ತೆಂದು ಅದರ ಮುಂದಿನದರಲ್ಲಿ ಬೀಳುವ ಮೊದಲು ಒಂದು ಮಾತು ಕೊಟ್ಟರು. ಹೀಗೆ ಬೀಳುತ್ತ ಏಳುತ್ತ ಮಜೋಲನಾದ. ಊರೂರು ತಿರುಗುವ ಬಸ್ಸಿನಲ್ಲಿ ಹೊತ್ತು ಹೋಗದೆ ಬರೆಯುವುದೂ ಅಂಟಿಕೊಂಡಿತು. ಹಳೆಯ ವಾದಕರ ಬಗ್ಗೆ ಪತ್ರಿಕೆಗೆ ವಾರದ ಅಂಕಣ, ರೇಡಿಯೋಗೆ ನಾಲ್ಕಾರು ನಾಟಕ, ಒಂದು ಕಥಾಸಂಕಲನ. ಸನ್ಮಾನ ಮಾಡುವವರು ಅವನನ್ನು ಬಹುಮುಖ ಪ್ರತಿಭೆ ಎನ್ನುತ್ತಾರೆ.

ರೆಬೋನೆ ಹೇಳುತ್ತಿದ್ದುದೇ ಬೇರೆ. "ಮೂರು ಅಂಗಡಿ ಇಟ್ಕೊಂಡಿದ್ದೀರಿ ಮಸೆಮೊಲ. ಒಂದಕ್ಕೂ ಹೊತ್ತಿಗೆ ಸರಿಯಾಗಿ ಬಾಗಿಲು ತೆಗಿಯಲ್ಲ."

ಆ ರೆಕಾರ್ಡಿನಿಂದಲೇ ಅವಳು ಸಿಕ್ಕಿದ್ದು. ನಮ್ಮಲ್ಲಿ ಜಾಜ್ ಸಂಘಗಳಿವೆ. ಭಾನುವಾರ ಮಧ್ಯಾಹ್ನ ಸದಸ್ಯರು ಎರಡು ಬಣ್ಣದ ಬೂಟು, ಇಸ್ತ್ರಿಯ ಷರಾಯಿ, ಗರಿ ಸಿಕ್ಕಿಸಿದ ಟೋಪಿ ಹಾಕಿಕೊಂಡು ಒಬ್ಬೊಬ್ಬರ ಅಂಗಳದಲ್ಲಿ ಸೇರುತ್ತಾರೆ. ತಮ್ಮ ತಮ್ಮ ರೆಕಾರ್ಡುಗಳನ್ನು ಮಗುವಿನಂತೆ ಎತ್ತಿಕೊಂಡು ಬಂದು ಹಾಕುತ್ತಾರೆ. ವಾದ್ಯ ನುಡಿಸಲು ಒಬ್ಬರಿಗೂ ಬರುವುದಿಲ್ಲ. ಆದರೆ ರೆಕಾರ್ಡಿನಲ್ಲಿರುವ ಒಂದೊಂದು ಸ್ವರವನ್ನೂ ಕಾಲಿನಲ್ಲಿ ಕುಣಿಯಬಲ್ಲರು, ಸಿಳ್ಳೆಯಲ್ಲಿ ಹಾಕಬಲ್ಲರು. ಅಂಥದ್ದೊಂದು ಸಂಘಕ್ಕೆ ಫಿನಿಯಸ್ ಅತಿಥಿಯಾಗಿ ಹೋಗಿದ್ದಾಗ, ಗಂಡಸರ ನಡುವೆ ಗಂಡಸರ ಬೂಟು ಹಾಕಿಕೊಂಡು ಕುಣಿಯುತ್ತಿದ್ದ ತೆಳ್ಳಗಿನ ಹುಡುಗಿಯೊಬ್ಬಳು ಅವನ ಬಳಿ ಬಂದು, "ಎರಡನೇ ಬದೀಲಿ ನೀವು ನಡುವೆ ತಪ್ಪು ಜಾಗದಲ್ಲಿ ಉಸಿರು ತಗೊಂಡಿದ್ದೀರಿ. ಅಲ್ಲಿ ನನ್ನ ಕಾಲು ಪ್ರತಿಸಲ ಎಡವುತ್ತೆ" ಎಂದಿದ್ದಳು. ಅದು ನಿಜವೂ ಆಗಿತ್ತು. ಅದನ್ನು ಕಂಡುಹಿಡಿದವಳನ್ನು ಕಟ್ಟಿಕೊಳ್ಳದೆ ಬೇರೆ ದಾರಿಯಿರಲಿಲ್ಲ.

ಈಗ ಅವನನ್ನು ತಿನ್ನುತ್ತಿದ್ದುದು ಒಂದೇ ವಿಷಯ. ಅದನ್ನು ನೇರವಾಗಿಯೇ ಹೇಳಿಬಿಡಬೇಕು. ಲಿಂಡಿವೆಗಾಗಿ ಮಜೋಲ ಅತ್ತ ಕಣ್ಣೀರು ರೆಬೋನೆಯದು.

ಟಿವಿಯಲ್ಲಿ ಇಂದು ಬಂದದ್ದು ಇಂದು ನಡೆದದ್ದಲ್ಲ; ಚಿತ್ರೀಕರಣವಾಗಿ ಎರಡು ತಿಂಗಳಾಗಿತ್ತು. ಅಳುವ ದೃಶ್ಯಕ್ಕೆ ನಟರು ಕಣ್ಣ ಕೆಳಗೆ ಪುದೀನದ ಘಾಟಿನ ಕಡ್ಡಿಯೊಂದನ್ನು ಸವರಿಕೊಳ್ಳುತ್ತಾರೆ, ಎರಡು ನಿಮಿಷ ನೀರು ಸುರಿಯುತ್ತದೆ. ಫಿನಿಯಸ್ ಅದನ್ನು ಎಂದೂ ಮುಟ್ಟಿದವನಲ್ಲ, ಅದೊಂದು ಹೆಮ್ಮೆ ಅವನಿಗೆ. ಅವನ ದಾರಿ ಬೇರೆ. ಆ ದಿನ ಮಂಚದ ಮೇಲೆ ಮಲಗಿದ್ದ ನಟಿಯ ಪಾದ ಹಿಡಿದುಕೊಂಡು, ಇದು ರೆಬೋನೆಯ ಪಾದ, ಇದು ತಣ್ಣಗಾಗಿದೆ ಎಂದು ಮನಸ್ಸಿನಲ್ಲಿ ಹೇಳಿಕೊಂಡ. ಅಷ್ಟೇ ಸಾಕಾಯಿತು. ಕ್ಯಾಮೆರಾ ನಿಂತ ಮೇಲೂ ಅಳು ನಿಲ್ಲದೆ ಅವನನ್ನು ಹೊರಗೆ ಕರೆದುಕೊಂಡು ಹೋಗಿ ಕೂರಿಸಿ ನೀರು ಕೊಟ್ಟರು.

ಮನೆಗೆ ಬಂದು ಹೆಂಡತಿಗೆ ಹೇಳಿಯೂ ಇದ್ದ. ಅವಳು ಒಲೆಯ ಮುಂದೆ ಸೊಪ್ಪು ಹೆಚ್ಚುತ್ತಿದ್ದಳು.

"ಎಷ್ಟು ಸಲ ಸಾಯಿಸಿದ್ರಿ ನನ್ನ?"

"ಮೂರು ಸಲ. ಮೊದಲೆರಡು ಬೆಳಕು ಸರಿ ಇರಲಿಲ್ಲ."

"ಮೂರೂ ಸಲ ಅತ್ರಾ?"

"ಅತ್ತೆ."

"ನಾನು ಕೈತಪ್ಪಿ ನಿಮ್ಮ ಬಾಜಾ ಬಾಯಿಗೆ ಸಿಕ್ಕಿಸೋ ಹಳೇ ರೀಡ್ ಬಿಸಾಕಿದಾಗ ಅತ್ತಿದ್ರಲ್ಲ, ಅಷ್ಟಾ?"

"ಅದಕ್ಕಿಂತ ಸ್ವಲ್ಪ ಕಮ್ಮಿ."

ಅವಳು ಚಾಕು ಎತ್ತಿ ತೋರಿಸಿ ನಕ್ಕಿದ್ದಳು. "ಸರಿ. ನಿಜವಾಗ್ಲೂ ಹೋಗೋ ದಿನಕ್ಕೆ ಒಂಚೂರು ಉಳಿಸ್ಕೊಂಡಿರಿ, ಇಲ್ಲಾಂದ್ರೆ ಮರ್ಯಾದೆ ಹೋಗುತ್ತೆ" ಎಂದಿದ್ದಳು.

ಉಳಿದಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಹೊದಿಕೆ ಸರಿಸಿದಾಗ ಅವನ ಕೈ ತಾನಾಗಿ ಪಾದ ಹಿಡಿಯಿತು. ಪಾದ ತಣ್ಣಗಿತ್ತು. ಇದನ್ನು ಒಮ್ಮೆ ಮಾಡಿದ್ದೇನೆ ಎಂಬುದೊಂದೇ ಯೋಚನೆ ಅವನಿಗೆ ಬಂದಿದ್ದು. ಅಳಬೇಕಾದರೆ ಅವಳು ಸತ್ತಿದ್ದಾಳೆ ಎಂದುಕೊಳ್ಳುವುದು ಅವನಿಗೆ ಗೊತ್ತಿದ್ದ ಒಂದೇ ಉಪಾಯ, ಮತ್ತು ಅವಳು ಸತ್ತಿದ್ದಳು. ಇನ್ನೇನು ಅಂದುಕೊಳ್ಳಬೇಕು? ಅವಳಿಗೆ ಸಲ್ಲಬೇಕಾದ್ದನ್ನು ಕ್ಯಾಮೆರಾಕ್ಕೆ ಮಾರಿ ಬಂದೆನೇ ಎಂಬ ಭಯವೊಂದು ಅವನೊಳಗೆ ಕೂತಿತು. ಆ ಭಯ ಕೂಡ ಯಾರದ್ದೋ ಎಂಬಂತೆ ದೂರದಲ್ಲಿತ್ತು. ಒಂದೇ ಒಂದು ಸಲ, ಮಣ್ಣಿನ ಮುಂಚೆಯೋ ಆಮೇಲೋ, ಅವಳಿಗೋಸ್ಕರವೇ ಅಳು ಬಂದರೆ ಸಾಕು ಎಂದು ಅವನು ಬೇಡಿಕೊಂಡ. ದೇವರನ್ನು ಬಿಟ್ಟು ಬಹಳ ವರ್ಷವಾಗಿದ್ದರಿಂದ ಯಾರನ್ನು ಬೇಡಿಕೊಂಡನೋ ಅವನಿಗೂ ಗೊತ್ತಿರಲಿಲ್ಲ.

ಶನಿವಾರ ಮಣ್ಣಿನ ಹೊತ್ತಿಗೆ ಹಂಚುವ ಪುಸ್ತಿಕೆಗೆ ಬುಧವಾರ ಅವಳ ಜೀವನ ಬರೆದ. ಮನೆಯಲ್ಲೇ ಬರಹಗಾರನಿರುವಾಗ ಬೇರೆ ಯಾರು ಬರೆಯುತ್ತಾರೆ? ಎಲ್ಲಿ ಹುಟ್ಟಿದಳು, ಎಲ್ಲಿ ಓದಿದಳು, ಬಟ್ಟೆ ಕಾರ್ಖಾನೆಯಲ್ಲಿ ಎಷ್ಟು ಕಾಲ ದುಡಿದಳು, ಸಂಘದಲ್ಲಿ ಕುಣಿದ ಮೊದಲ ಹೆಂಗಸು ಹೇಗಾದಳು. ಕೂತಲ್ಲಿಂದ ಏಳದೆ, ಚಿತ್ತಿಲ್ಲದೆ, ಕೈ ನಡುಗದೆ ಬರೆದು ಮುಗಿಸಿದ. ನಡುವೆ ಒಂದು ವಾಕ್ಯ ಬಹಳ ಚೆನ್ನಾಗಿ ಬಂತು. ಅದನ್ನು ಎರಡು ಸಲ ಓದಿ ಸಂತೋಷಪಟ್ಟ. ಆಮೇಲೆ ಪಕ್ಕದ ಕೋಣೆಯಲ್ಲಿ ನೆಲದ ಮೇಲೆ ಕೂತು ಸೆಲಿನಾ ಕೆಮ್ಮಿದ್ದು ಕೇಳಿಸಿ, ತಾನು ಸಂತೋಷಪಟ್ಟದ್ದು ಏತಕ್ಕೆ ಎಂಬುದು ನೆನಪಾಗಿ, ಆ ವಾಕ್ಯವನ್ನು ಹೊಡೆದುಹಾಕಿದ. ಹೊಡೆದುಹಾಕಿದ್ದರಿಂದಲೂ ಏನೂ ಅನ್ನಿಸಲಿಲ್ಲ.

ಗುರುವಾರ ಸೆಲಿನಾ ಅವನನ್ನು ಕೋಣೆಗೆ ಕರೆಸಿಕೊಂಡಳು. ಹಾಸಿಗೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಅತ್ತೂ ಅತ್ತೂ ಮುಖ ಊದಿತ್ತು.

"ಕೂತ್ಕೋ ಫಿನಿಯಸ್. ಜನ ಏನಂತಿದ್ದಾರೆ ಗೊತ್ತಾ?"

"ಗೊತ್ತು ಅಕ್ಕ."

"ಟಿವಿಯವಳಿಗೆ ಹೊಳೆ ಹರಿಸಿದ, ಕಟ್ಕೊಂಡವಳಿಗೆ ಒಂದು ಹನಿ ಇಲ್ಲ ಅಂತಾರೆ. ನಾನು ಬಾಯಿ ಮುಚ್ಕೊಂಡು ಕೇಳ್ಕೋಬೇಕು. ಇನ್ನೂ ಏನೇನೋ ಅಂತಾರೆ. ಬೇರೆ ಯಾವಳೋ ಇದ್ದಾಳಂತೆ."

"ಯಾರೂ ಇಲ್ಲ ಅಕ್ಕ."

"ನನಗೆ ಗೊತ್ತು ಕಣೋ ಇಲ್ಲ ಅಂತ. ಇದ್ದಿದ್ರೆ ರೆಬೋನೆ ನಿನ್ನ ಬಾಜಾನ ನಿನ್ನ ತಲೆ ಮೇಲೇ ಮುರೀತಿದ್ಲು." ಅವಳು ಕೈವಸ್ತ್ರ ಹಿಂಡಿದಳು. "ನಾನು ಕೇಳೋದಿಷ್ಟೇ. ಶನಿವಾರ ಗುಂಡಿ ಮುಂದೆ ಅಳು. ನಿಜವಾಗಿ ಬರದಿದ್ರೆ ಬೇಡ. ಹೇಗೂ ನಿನಗೆ ಬರುತ್ತಲ್ಲ, ಮಾಡು. ದುಡ್ಡು ಕೊಟ್ಟೋರಿಗೆ ಮಾಡ್ತೀಯ, ಅವಳಿಗೆ ಒಂದು ಸಲ ಬಿಟ್ಟಿ ಮಾಡಕ್ಕಾಗಲ್ವಾ?"

"ನೋಡ್ತೀನಿ ಅಕ್ಕ" ಎಂದ ಫಿನಿಯಸ್. ವೇಷದ ಪೆಟ್ಟಿಗೆಯಲ್ಲಿ ಎಂದೋ ಯಾರೋ ಹಾಕಿಟ್ಟಿದ್ದ ಘಾಟಿನ ಕಡ್ಡಿಯೊಂದಿತ್ತು. ಅದನ್ನು ಹುಡುಕಿ ತೆಗೆದು ಶನಿವಾರದ ಕಪ್ಪು ಕೋಟಿನ ಜೇಬಿಗೆ ಹಾಕಿಟ್ಟ.

ಶುಕ್ರವಾರ ಹಿತ್ತಲಲ್ಲಿ ಹೋರಿ ಕಡಿದರು. ದೊಡ್ಡ ಹಂಡೆಗಳು ಒಲೆಯೇರಿದವು. ಸಂಘದ ಅಧ್ಯಕ್ಷ ಎಲಿಫಾಸ್, ಫಿನಿಯಸ್‌ನ ಬಾಲ್ಯದ ಗೆಳೆಯ, ಗರಿಯ ಟೋಪಿ ಹಾಕಿಕೊಂಡು ಬಂದ. ಸದಸ್ಯರು ಸತ್ತರೆ ಗುಂಡಿಯ ಪಕ್ಕದಲ್ಲಿ ಅವರಿಗೆ ಇಷ್ಟವಾದ ರೆಕಾರ್ಡು ಹಾಕಿ ಸಂಘದವರು ಕುಣಿದು ಕಳಿಸುವುದು ಪದ್ಧತಿ.

"ಯಾವ ರೆಕಾರ್ಡು ಅಂತ ಕೇಳೋ ಹಾಗೇ ಇಲ್ಲ. ಎರಡನೇ ಬದಿ. ಆದ್ರೆ ನೀನೇ ಇರುವಾಗ ರೆಕಾರ್ಡು ಯಾಕೋ? ನೀನೇ ಊದು" ಎಂದ ಎಲಿಫಾಸ್.

"ಊದ್ತೀನಿ."

"ಆಗುತ್ತೇನೋ ನಿನ್ ಕೈಲಿ?"

"ಯಾಕಾಗಲ್ಲ?"

ಎಲಿಫಾಸ್ ಅವನ ಮುಖವನ್ನೇ ನೋಡಿದ. "ಲೋ, ಊಟ ಮಾಡಿದ್ಯಾ?" ಎಂದ.

"ನೆನಪಿಲ್ಲ" ಎಂದ ಫಿನಿಯಸ್. ಸುಳ್ಳು ಹೇಳಿರಲಿಲ್ಲ, ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಹೆಣದ ಪೆಟ್ಟಿಗೆ ಹೊರಟಿತು. ಬಸ್ಸುಗಳು ತುಂಬಿ ಹೋದವು. ಮಜೋಲನ ಹೆಂಡತಿಯ ಮಣ್ಣು ನೋಡಲು ಅಕ್ಕಪಕ್ಕದ ಊರುಗಳಿಂದಲೂ ಜನ ಬಂದಿದ್ದರು. ಅವರಲ್ಲಿ ಎಷ್ಟು ಮಂದಿಗೆ ರೆಬೋನೆಯ ಹೆಸರು ಗೊತ್ತಿತ್ತೋ ಹೇಳಲಾರೆ. ಸ್ಮಶಾನದಲ್ಲಿ ಕೆಂಪು ಮಣ್ಣಿನ ಗುಡ್ಡೆಯ ಪಕ್ಕ ಸಂಘದವರು ಸಾಲಾಗಿ ನಿಂತರು. ಎರಡು ಬಣ್ಣದ ಬೂಟುಗಳೆಲ್ಲ ಮಿರಮಿರ ಮಿಂಚುತ್ತಿದ್ದವು. ಪಾದ್ರಿ ಹೇಳುವುದನ್ನು ಹೇಳಿ ಮುಗಿಸಿದ. ಪೆಟ್ಟಿಗೆ ಕೆಳಗಿಳಿಯಿತು. ಎಲ್ಲರೂ ಅವನ ಕಡೆ ತಿರುಗಿದರು.

ಕೈ ಜೇಬಿಗೆ ಹೋಯಿತು. ಕಡ್ಡಿ ಬೆರಳಿಗೆ ಸಿಕ್ಕಿತು. ಮುಖ ತಗ್ಗಿಸಿ ಕರವಸ್ತ್ರದ ಮರೆಯಲ್ಲಿ ಸವರಿಕೊಂಡರೆ ಕ್ಷಣದ ಕೆಲಸ. ಸೆಲಿನಾ ಎದುರಿಗೇ ನಿಂತು ಅವನನ್ನೇ ನೋಡುತ್ತಿದ್ದಳು. ಅವಳ ಮರ್ಯಾದೆ ಉಳಿಯುತ್ತಿತ್ತು, ಊರಿನ ಬಾಯಿ ಮುಚ್ಚುತ್ತಿತ್ತು. ಆದರೆ ಲಿಂಡಿವೆಗೆ ಹಚ್ಚಿಕೊಳ್ಳದ್ದನ್ನು ರೆಬೋನೆಗೆ ಹಚ್ಚಿಕೊಳ್ಳುವುದು ಹೇಗೆ? ಕೈಯನ್ನು ಬರಿದಾಗಿಯೇ ಹೊರಗೆ ತೆಗೆದು ಸ್ಯಾಕ್ಸೊಫೋನ್ ಎತ್ತಿಕೊಂಡ.

ಊದಿದ. ಎರಡನೇ ಬದಿಯನ್ನು ಮೊದಲಿನಿಂದ ಕೊನೆಯ ತನಕ, ಒಂದು ಸ್ವರವೂ ಜಾರದಂತೆ ಊದಿದ. ಬೆಳಗಿನ ಚಳಿಗೆ ವಾದ್ಯದ ಒಂದು ಗುಂಡಿ ಅಂಟಿಕೊಳ್ಳುತ್ತಿತ್ತು, ಅದನ್ನು ಕಿರುಬೆರಳಿನಿಂದ ಸಂಭಾಳಿಸಿದ. ಸಂಘದವರ ಬೂಟುಗಳು ಮಣ್ಣಿನ ಮೇಲೆ ಸರಿಯುತ್ತಿದ್ದವು. ಆಮೇಲೆ ಒಬ್ಬಳು ಚೀರಿದಳು, ಆಮೇಲೆ ಎಲ್ಲರೂ ಅತ್ತರು. ಎಲಿಫಾಸ್ ಟೋಪಿಯಿಂದ ಮುಖ ಮುಚ್ಚಿಕೊಂಡ. ಗುಂಡಿಯ ಅಂಚಿನಲ್ಲಿ ನಿಂತ ಫಿನಿಯಸ್‌ ಒಬ್ಬನೇ, ಮುಂದಿನ ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಕೊನೆಯ ಸ್ವರವನ್ನು ಎಷ್ಟು ಎಳೆಯಬೇಕು ಎಂದು ಯೋಚಿಸುತ್ತಿದ್ದ. ಬಹಳ ಚೆನ್ನಾಗಿ ಊದಿದ. ಅಷ್ಟು ಚೆನ್ನಾಗಿ ಊದಲು ಸಾಧ್ಯವಾದದ್ದೇ ಅವನಿಗೆ ಅಸಹ್ಯವೆನಿಸಿತು. ಅಸಹ್ಯವಾದರೂ ಆಯಿತಲ್ಲ ಎಂದು ಕಾದ. ಅದೂ ನಿಲ್ಲಲಿಲ್ಲ.

ಮನೆಯ ಗೇಟಿನಲ್ಲಿ ಸ್ಮಶಾನದಿಂದ ಬಂದವರು ಕೈ ತೊಳೆದು ಒಳಗೆ ಹೋಗಲು ಬೋಗುಣಿಗಳಲ್ಲಿ ನೀರಿಟ್ಟಿದ್ದರು. ಒಂದೇ ಬೋಗುಣಿಯಲ್ಲಿ ಸೆಲಿನಾಳ ಕೈಯೂ ಅವನ ಕೈಯೂ ಇದ್ದವು.

"ಊರನ್ನೆಲ್ಲ ಅಳಿಸಿದೆ" ಎಂದಳು ಅವಳು, ನೀರನ್ನೇ ನೋಡುತ್ತ.

"ಅಕ್ಕ..."

"ಏನೂ ಹೇಳಬೇಡ. ಅವಳನ್ನ ಒಳ್ಳೇ ಮನೆಗೆ ಕೊಟ್ಟಿದ್ದೀನಿ ಅಂದ್ಕೊಂಡಿದ್ದೆ." ಕೈ ಒದರಿಕೊಂಡು ಒಳಗೆ ಹೋದಳು.

ಊಟವಾದ ಮೇಲೆ, ನಮ್ಮಲ್ಲಿ ಕಣ್ಣೀರಿನ ನಂತರದ್ದು ಎನ್ನುತ್ತಾರಲ್ಲ, ಆ ಕುಡಿತ ಕುಣಿತಗಳು ಎಲಿಫಾಸ್‌ನ ಅಂಗಳದಲ್ಲಿ ಶುರುವಾದವು. ಫಿನಿಯಸ್ ಅಲ್ಲಿಯೂ ಕೂತಿದ್ದ. ಯಾರೋ ಬಾಟಲಿ ಕೊಟ್ಟರು, ಹಿಡಿದುಕೊಂಡ. ಯಾರೋ ಇಸಕೊಂಡರು, ಬಿಟ್ಟ.

ಮಾರನೆಯ ದಿನ ಹೊರಡಬಹುದಾಗಿದ್ದ ಸೆಲಿನಾ ಹೊರಡಲಿಲ್ಲ. ತಂಗಿಯ ಬಟ್ಟೆಬರೆಯನ್ನು ನೆಂಟರಿಗೆ ಹಂಚುವ ದಿನ ಬರುವ ತನಕ ಮನೆ ಕಾಯಬೇಕು ಎಂದಳು. ಅವನ ಮೇಲೆ ನಂಬಿಕೆ ಉಳಿದಿರಲಿಲ್ಲ ಎಂಬುದೂ ಅದರಲ್ಲಿ ಸೇರಿತ್ತು. ಬೆಳಿಗ್ಗೆಯೇ ಮಡಕೆ ತುಂಬ ಬೇಯಿಸಿಟ್ಟು ಚರ್ಚಿಗೋ ಪ್ರಾರ್ಥನೆಗೋ ಹೋಗುತ್ತಿದ್ದಳು. ಅವನು ಬಂದಾಗ ಮುಚ್ಚಳ ತೆಗೆದು, ತಣ್ಣಗಾಗಿದ್ದನ್ನು ನಿಂತುಕೊಂಡೇ ತಿನ್ನುತ್ತಿದ್ದ. ಇಬ್ಬರೂ ಒಂದೇ ಸೂರಿನಡಿ ಬೇರೆ ಬೇರೆ ಕೋಣೆಯ ಬಾಡಿಗೆದಾರರಂತೆ ಇದ್ದರು. ಅಂಕಣ ಹೊತ್ತಿಗೆ ಸರಿಯಾಗಿ ಪತ್ರಿಕೆಗೆ ಹೋಗುತ್ತಿತ್ತು. ಅದರಲ್ಲಿ ಒಂದು ತಪ್ಪೂ ಇರುತ್ತಿರಲಿಲ್ಲ. ಎರಡು ಕಡೆ ಕಚೇರಿಯನ್ನೂ ನುಡಿಸಿ ಬಂದ. ಚಪ್ಪಾಳೆ ಹೊಡೆದರು.

ತಿಂಗಳ ಮೇಲೆ ಜೊಹಾನ್ಸ್‌ಬರ್ಗಿನಿಂದ ಚಿತ್ರೀಕರಣಕ್ಕೆ ಕರೆ ಬಂತು. ಕಥೆಯಲ್ಲಿ ಮಜೋಲನ ದುಃಖ ಮುಗಿದಿತ್ತು. ಟಿವಿಯಲ್ಲಿ ದುಃಖ ಅಷ್ಟು ದಿನ ಇದ್ದರೆ ಜನ ಬೇರೆ ಚಾನೆಲ್ ಹಾಕುತ್ತಾರೆ. ಈಗ ಅವನ ಮನೆಗೆ ಅಡುಗೆಗೆಂದು ಒಬ್ಬ ಹೆಂಗಸು ಬರಬೇಕು, ಮುಂದೆ ಅವಳನ್ನೇ ಅವನು ಮದುವೆಯಾಗಬೇಕು. ಆ ದಿನದ್ದು ಅವಳು ಮೊದಲ ಸಲ ಊಟ ಬಡಿಸುವ ದೃಶ್ಯ. ಬಟ್ಟೆ ಹೊಂದಿಸುವ ಹುಡುಗಿ ಬಂದು, "ಕ್ಷಮಿಸಿ ಅಂಕಲ್, ಇದು ಕಾಣಬಾರದು" ಎಂದು ಅವನ ತೋಳಿಗೆ ಸಿಕ್ಕಿಸಿದ್ದ ಸಾವಿನ ಕಪ್ಪು ಬಟ್ಟೆಯ ತುಂಡನ್ನು ಪಿನ್ನು ಬಿಚ್ಚಿ ತೆಗೆದು, ತನ್ನದೇ ಲಂಗದ ಅಂಚಿಗೆ ಜೋಪಾನವಾಗಿ ಚುಚ್ಚಿಕೊಂಡಳು. ಮಜೋಲನ ದುಬಾರಿ ಕೋಟು ತೊಡಿಸಿದರು.

ದೃಶ್ಯದಲ್ಲಿ ಏನೂ ಇರಲಿಲ್ಲ. ಅವಳು ತಟ್ಟೆ ಇಡಬೇಕು, ಒಂದು ಮಾತು ಹೇಳಬೇಕು. ಅವನು ಒಂದು ತುತ್ತು ತಿಂದು, ಇಷ್ಟವಾಯಿತೆಂದು ತೋರಿಸಿಕೊಳ್ಳದೆ, ಗುರ್ ಎನ್ನಬೇಕು. ನಿರ್ದೇಶಕಿ ಖನ್ಯಾ, ಮೊಮ್ಮಗಳ ವಯಸ್ಸಿನ ಚುರುಕು ಹುಡುಗಿ, "ಅಂಕಲ್, ಸುಲಭದ್ದು. ಒಂದೇ ಏಟಿಗೆ ಮುಗಿಸಿ ಎಲ್ರೂ ಬೇಗ ಮನೆಗೆ ಹೋಗೋಣ" ಎಂದಳು.

ತಟ್ಟೆಯಲ್ಲಿದ್ದ ಜೋಳದ ಮುದ್ದೆಯೂ ಸಾರೂ ಬೆಳಗಿನಿಂದ ದೀಪಗಳ ಕೆಳಗಿದ್ದು ಕೆನೆಗಟ್ಟಿ ತಣ್ಣಗಾಗಿದ್ದವು. ಹೊಸ ನಟಿ ಅದನ್ನು ಒಲೆಯಿಂದ ಆಗ ತಾನೇ ಇಳಿಸಿದವಳಂತೆ ಬಟ್ಟೆಯಲ್ಲಿ ಹಿಡಿದು ತಂದಳು. ಮೇಜಿನ ಮೇಲಿಟ್ಟಳು. ತಟ್ಟೆಯ ಮೇಲೆ ಒಮ್ಮೆ ಮೆಲ್ಲಗೆ ಊದಿದಳು. ಆಮೇಲೆ ತನ್ನ ಮಾತು ಹೇಳಿದಳು.

"ಬಿಸಿ ಇದೆ. ಹುಷಾರು."

ಫಿನಿಯಸ್ ತುತ್ತು ಮುರಿದ. ಬಾಯಿಯ ಹತ್ತಿರ ತಂದ. ಇನ್ನು ಮೇಲೆ ಮನೆಯಲ್ಲಿ ತನಗೆ ಯಾರೂ ಹಾಗೆ ಹೇಳುವವರಿಲ್ಲ ಎಂಬುದು, ಇಷ್ಟು ದಿನ ಗೊತ್ತಿದ್ದೂ ತಲುಪದೇ ಇದ್ದದ್ದು, ಆಗ ಬಂದು ತಲುಪಿತು. ತುತ್ತು ಕೈಯಲ್ಲೇ ಉಳಿಯಿತು. ಗಂಟಲಿನಿಂದ ಬಂದ ಸದ್ದು ಮಜೋಲನದ್ದಾಗಿರಲಿಲ್ಲ, ಅವನಿಗೂ ಅದರ ಗುರುತು ಸಿಗಲಿಲ್ಲ. ತಲೆ ಮೇಜಿಗೆ ತಗುಲಿತು. ರೆಬೋನೆ, ರೆಬೋನೆ ಎಂದು ತಟ್ಟೆಯೊಳಗೇ ಅತ್ತ. ಹೊಸ ನಟಿ ಗಾಬರಿಯಾಗಿ ಕ್ಯಾಮೆರಾ ಕಡೆ ನೋಡಿದಳು. ಖನ್ಯಾ ನಿಲ್ಲಿಸಬೇಡಿ ಎಂದು ಕೈ ಸನ್ನೆ ಮಾಡಿ, ಕ್ಯಾಮೆರಾ ಓಡಲಿ, ಓಡಲಿ ಎಂದು ಬೆರಳು ಸುತ್ತಿಸಿದಳು. ನಟಿ ಕಸುಬು ಬಲ್ಲವಳು. ಮೆಲ್ಲಗೆ ಬಂದು ಅವನ ಬೆನ್ನ ಮೇಲೆ ಕೈಯಿಟ್ಟಳು. ಅವನು ಆ ಕೈಯನ್ನು ಹಿಡಿದುಕೊಂಡು ಬಹಳ ಹೊತ್ತು ಅತ್ತ.

ಅಳು ನಿಂತಾಗ ದೀಪದವರು ಚಪ್ಪಾಳೆ ತಟ್ಟಿದರು.

"ಕ್ಷಮಿಸಮ್ಮ" ಎಂದ ಫಿನಿಯಸ್, ಮುಖಕ್ಕೆ ಹತ್ತಿದ್ದ ಸಾರು ಒರೆಸಿಕೊಳ್ಳುತ್ತ. "ಇನ್ನೊಂದ್ಸಲ ತಗೊಳ್ಳೋಣ. ಈ ಸಲ ಸರಿಯಾಗಿ ಮಾಡ್ತೀನಿ."

"ಇನ್ನೊಂದ್ಸಲಾನಾ? ಅಂಕಲ್, ಇದನ್ನ ಬಿಡಕ್ಕಾಗುತ್ತಾ? ಮಜೋಲ ಇನ್ನೂ ಲಿಂಡಿವೆಯನ್ನ ಮರೆತಿಲ್ಲ ಅಂತ ಕಥೆನೇ ಬದಲಾಯಿಸ್ತೀನಿ ನಾನು" ಎಂದಳು ಖನ್ಯಾ. ಅವಳ ಕಣ್ಣೂ ಒದ್ದೆಯಾಗಿತ್ತು.

"ಹೆಸರು ಹೇಳಿಬಿಟ್ಟೆ ಕಣಮ್ಮ."

"ಯಾವ ಹೆಸರು? ಅಳೋದ್ರಲ್ಲಿ ಕೇಳಿಸೇ ಇಲ್ಲ. ಬೇಕಾದ್ರೆ ಅದರ ಮೇಲೆ ಸಂಗೀತ ಹಾಕ್ತೀವಿ."

ಅವನು ಬೇಡವೆನ್ನಬಹುದಿತ್ತು. ಬಹುಶಃ ಅವಳು ಒಪ್ಪುತ್ತಿದ್ದಳು ಕೂಡ. ಆದರೆ ಬೇಡವೆನ್ನಲು ಕಾರಣ ಹೇಳಬೇಕು, ಆ ಕಾರಣವನ್ನು ಅಷ್ಟು ಜನರ ಎದುರು ಹೇಳಿದರೆ ಅದೂ ಒಂದು ದೃಶ್ಯವಾಗುತ್ತಿತ್ತು. ಬಟ್ಟೆಯ ಹುಡುಗಿ ಕಪ್ಪು ತುಂಡನ್ನು ಮತ್ತೆ ಅವನ ತೋಳಿಗೆ ಚುಚ್ಚಿದಳು.

ಅದು ಪ್ರಸಾರವಾದ ಸಂಜೆ ಪಕ್ಕದ ಮನೆಯವಳು ಗೋಡೆಯಾಚೆಯಿಂದಲೇ, "ಸೆಲಿನಕ್ಕಾ, ಹಾಕ್ರೀ, ಹಾಕ್ರೀ ಬೇಗ! ಮಜೋಲ!" ಎಂದು ಕೂಗಿಕೊಂಡಳು. ಮಣ್ಣಾದ ಮೇಲೆ ಕಂಬಳಿ ತೆಗೆದಿದ್ದರೂ ಸೆಲಿನಾ ಆ ಧಾರಾವಾಹಿಯನ್ನು ಈ ತನಕ ಹಾಕಿರಲಿಲ್ಲ. ಆ ಕೂಗಿಗೆ ಹಾಕಿದಳು. ಫಿನಿಯಸ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ತೆರೆಯ ಮೇಲೆ ದುಬಾರಿ ಕೋಟಿನ ಮುದುಕನೊಬ್ಬ ತಟ್ಟೆಯಲ್ಲಿ ಮುಖವಿಟ್ಟು ಅಳುತ್ತಿದ್ದ. ಮೇಲೆ ಪಿಟೀಲುಗಳ ಸಂಗೀತ ಹರಿಸಿದ್ದರು. ಅವನ ಬಾಯಿ ಏನನ್ನೋ ಮತ್ತೆ ಮತ್ತೆ ಹೇಳುತ್ತಿತ್ತು, ಏನೆಂದು ಯಾರಿಗೂ ಕೇಳುತ್ತಿರಲಿಲ್ಲ. ಫಿನಿಯಸ್ ಅವನನ್ನು ನೋಡುತ್ತ ನಿಂತ. ಅಳುವವನ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು.

ಜಾಹೀರಾತು ಬಂದಾಗ ಸೆಲಿನಾ ತಿರುಗಿದಳು. ಮುಖ ಬಿಗಿದುಕೊಂಡಿತ್ತು.

"ಅಡುಗೆಯವಳ ಮುಂದೆ ಕೂಡ ಅಳು ಬರುತ್ತೆ ನಿನಗೆ. ಆ ಲಿಂಡಿವೆಗೆ ಎರಡೆರಡು ಸಲ ಅತ್ತೆ. ನನ್ನ ತಂಗಿ ಏನು ಪಾಪ ಮಾಡಿದ್ಲೋ?"

"ಅಕ್ಕ, ಆ ದೃಶ್ಯದಲ್ಲಿ ಅಳು ಇರಲಿಲ್ಲ."

"ಅಂದ್ರೆ?"

"ಬರೆದಿರಲಿಲ್ಲ. ಊಟ ಮಾಡಿ ಸುಮ್ನಿರಬೇಕಿತ್ತು."

ಸೆಲಿನಾ ಅವನನ್ನು ನೋಡಿದಳು. ಅವನ ತೋಳಿನ ಕಪ್ಪು ಬಟ್ಟೆ ನೋಡಿದಳು, ಮತ್ತೆ ಮುಖ ನೋಡಿದಳು. ಟಿವಿಯಲ್ಲಿ ಸೋಪಿನ ಹಾಡು ಬರುತ್ತಿತ್ತು. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೈ ತೆಗೆದು ಕೇಳಿದಳು.

"ಮತ್ತೆ ಅವರು ನಿಲ್ಲಿಸಬೇಕಿತ್ತಲ್ಲೋ? ಯಾಕೆ ನಿಲ್ಲಿಸಲಿಲ್ಲ?"

"ಚೆನ್ನಾಗಿ ಬಂದಿತ್ತಂತೆ ಅಕ್ಕ" ಎಂದ ಫಿನಿಯಸ್.